ದೈತ್ಯ ನೀರುನಾಯಿ

ನೆಲೆ: ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಬಯಲುಗಳು, ಪಂಟನಾಲ್ ಜೌಗುಪ್ರದೇಶ

ನೀರುನಾಯಿಗಳಲ್ಲೇ ಅತಿ ಉದ್ದದ್ದು ಇದು. ಮೂತಿಯಿಂದ ಬಾಲದ ತುದಿಯವರೆಗೆ 1.8 ಮೀಟರ್‌ವರೆಗೂ ಬೆಳೆಯುತ್ತದೆ.

ಗಂಟಲಿನ ಮೇಲಿನ ಕೆನೆಬಣ್ಣದ ಮಚ್ಚೆಗಳನ್ನು ಗಮನಿಸಿ. ಒಂದರ ಮಚ್ಚೆಯಂತೆ ಇನ್ನೊಂದರದು ಇರುವುದಿಲ್ಲ. ಸಂಶೋಧಕರು ದೂರದಿಂದಲೇ ಒಂದೊಂದನ್ನೂ ಗುರುತು ಹಿಡಿಯುವುದು ಇದರಿಂದ. ಅಪರಿಚಿತರು ಕಂಡರೆ ಎದೆಮಟ್ಟ ನೀರಿನಿಂದ ಮೇಲೆದ್ದು, ಕತ್ತು ನೀಳ ಮಾಡಿ, ಬುಸುಗುಟ್ಟುತ್ತವೆ.

ವಾಸ ಕೂಡುಕುಟುಂಬದಲ್ಲಿ. ಹಿಂದಿನ ಸೂಲಿನ ಮರಿಗಳೂ ತಮ್ಮ-ತಂಗಿಯರನ್ನು ಸಾಕಲು ನೆರವಾಗುತ್ತವೆ. ಮೀನೇ ಮುಖ್ಯ ಆಹಾರ. ಒಂದಕ್ಕೆ ದಿನಕ್ಕೆ ಮೂರ್ನಾಲ್ಕು ಕಿಲೊ ಬೇಕು. ಪಿರಾನ್ಹಾ ಮೀನಿಗೂ ಇವು ಹೆದರುವುದಿಲ್ಲ. ಮುಂಗಾಲುಗಳಲ್ಲಿ ಹಿಡಿದು, ತಲೆಯಿಂದಲೇ ಶುರುಮಾಡಿ ಕರಕರ ಅಗಿಯುತ್ತವೆ.

ಹಗಲಲ್ಲೇ ತಿರುಗಾಟ, ಜೊತೆಗೆ ಸದಾ ಗದ್ದಲ. ಹೀಗಾಗಿ ಬೇಟೆಗಾರರಿಗೆ ಹುಡುಕುವ ಶ್ರಮವೇ ಇರಲಿಲ್ಲ. 20ನೇ ಶತಮಾನದ ನಡುವಿನ ದಶಕಗಳಲ್ಲಿ, ಶ್ರೀಮಂತರ ಕೋಟುಗಳಿಗೆಂದು, ಸಾವಿರಾರು ನೀರುನಾಯಿಗಳ ಚರ್ಮ ಸುಲಿಯಲಾಯಿತು. 1970ರ ದಶಕದಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು.

ಈಗಿನ ಕಂಟಕ ಚಿನ್ನದ ಗಣಿಗಾರಿಕೆ. ಅಲ್ಲಿ ಬಳಸುವ ಪಾದರಸ ನದಿ ಸೇರಿ, ಮೀನಿನ ಮೂಲಕ ಇವುಗಳ ಒಡಲಿಗೆ ಇಳಿಯುತ್ತಿದೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ.