ಹಂಡೆಯ ನೀರು, ಒಲೆಯ ಹೊಗೆ



ಕೋಲಾರ ಜಿಲ್ಲೆಯ ವಕ್ಕಲೇರಿಯ ಹೆಸರು ಇತಿಹಾಸದ ಪುಟಗಳಲ್ಲಿ ಉಳಿದಿರುವುದು ತಾಮ್ರದ ಕಾರಣದಿಂದ. ಬಾದಾಮಿ ಚಾಲುಕ್ಯರ ಕೊನೆಯ ಅರಸನಾದ ಎರಡನೆಯ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಹೊರಡಿಸಿದ ದಾನಶಾಸನದ ತಾಮ್ರಪಟಗಳು ದೊರೆತದ್ದು ಈ ಊರಿನಲ್ಲಿ. ಅವನ ತಂದೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ವಾರ್ತೆಯೂ ಅವುಗಳಲ್ಲಿ ಕೊರೆಯಲ್ಪಟ್ಟಿದೆ. ಆದರೆ ಈ ಸೀಮೆಯ ಮನೆಗಳವರಿಗೆ ನಿತ್ಯವೂ ಪರಿಚಿತವಾಗಿದ್ದ ತಾಮ್ರ ಬೇರೆಯೇ ಇತ್ತು. ಅದು ಬಚ್ಚಲುಮನೆಯ ಹಂಡೆ. ಅರಸರ ತಾಮ್ರದ ಕಥೆಯನ್ನು ವಿದ್ವಾಂಸರು ಬರೆದಿದ್ದಾರೆ. ಹಂಡೆಯ ಕಥೆಯನ್ನು ನಾವೇ ಒಮ್ಮೆ ನೆನೆಯೋಣ.

ಕೋಲಾರದ ಬಯಲು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಡಿಸೆಂಬರ್ ತಿಂಗಳ ನಡುರಾತ್ರಿಯ ಬಲಿಪೂಜೆಗೆ ಹೊರಟ ಕುಟುಂಬಗಳಿಗೆ ಇಲ್ಲಿಯ ಚಳಿ ಎಂಥದೆಂದು ಹೇಳಬೇಕಾಗಿಲ್ಲ. ಆದರೂ ನಮ್ಮಲ್ಲಿ ಮನೆಯನ್ನೇ ಬೆಚ್ಚಗೆ ಮಾಡುವ ಪದ್ಧತಿ ಬೆಳೆಯಲಿಲ್ಲ. ಬೆಂಕಿಯ ಮುಂದೆ ಕುಳಿತು ಚಳಿ ಕಾಯಿಸಿಕೊಂಡೆವು. ಬಿಸಿನೀರು ಮಿಂದು ಮೈಯನ್ನು ಬೆಚ್ಚಗೆ ಮಾಡಿಕೊಂಡೆವು. ಬಚ್ಚಲಿನ ಮೂಲೆಯಲ್ಲಿ ಕಲ್ಲು ಮಣ್ಣುಗಳ ಒಲೆ ಕಟ್ಟಿ, ಅದರ ಮೇಲೆ ಹಂಡೆಯನ್ನು ಹೂತಿಡುತ್ತಿದ್ದರು. ಅನುಕೂಲವಿದ್ದವರಿಗೆ ತಾಮ್ರದ್ದು, ಇಲ್ಲದವರಿಗೆ ಮಣ್ಣಿನ ಮಡಕೆ. ದೀಪಾವಳಿಯ ಹೊತ್ತಿಗೆ ನೆರೆಮನೆಯವರು ನೀರು ತುಂಬುವ ಹಬ್ಬವೆಂದು ಹಂಡೆಯನ್ನು ಬೆಳಗಿ ಸಿಂಗರಿಸುವುದನ್ನು ತಾವು ಕಂಡಿರಬಹುದು. ಒಂದು ಪಾತ್ರೆಗೆ ಅಷ್ಟು ಗೌರವವಿತ್ತು.

ಅಡುಗೆಮನೆಯಲ್ಲಿಯೂ ಇದೇ ಜಾಣ್ಮೆಯನ್ನು ಕಾಣಬಹುದು. ದೊಡ್ಡ ಒಲೆಯ ಪಕ್ಕದಲ್ಲಿ, ಅದರ ಉರಿಯನ್ನೇ ಎರವಲು ಪಡೆಯುವ ಚಿಕ್ಕ ಕೋಡೊಲೆ ಇರುತ್ತಿತ್ತು. ಮುಂದಿನ ಒಲೆಯಲ್ಲಿ ಹಿಟ್ಟು ಬೇಯುತ್ತಿರುವಾಗ, ಹಿಂದೆ ಹಾಯ್ದುಹೋಗುವ ಬಿಸಿಯಲ್ಲಿ ನೀರೋ ಸಾರೋ ಕಾಯುತ್ತಿತ್ತು. ಪಟ್ಟಣದ ಮನೆಗಳಿಗೆ ಬಂದ ತಾಮ್ರದ ಬಾಯ್ಲರ್ ಇದೇ ವಿಚಾರದ ಇನ್ನೊಂದು ರೂಪ. ನಡುವೆ ಒಂದು ಕೊಳವೆ, ಅದರ ಅಡಿಯಲ್ಲಿ ಕೆಂಡ, ಕೊಳವೆಯ ಸುತ್ತಲೂ ನೀರು. ಹೊಗೆ ಮೇಲೇರುವ ಮುನ್ನ ತನ್ನ ಬಿಸಿಯನ್ನು ನೀರಿಗೆ ಒಪ್ಪಿಸಿ ಹೋಗುತ್ತಿತ್ತು.

ಹಾಯ್ದುಹೋಗುವ ಬಿಸಿಯನ್ನು ಹಿಡಿದಿಡಬೇಕೆಂಬ ಚಿಂತೆ ಚಳಿದೇಶದವರನ್ನೂ ಕಾಡಿತ್ತು. ಇಂಗ್ಲೆಂಡಿನ ಮನೆಗಳಲ್ಲಿ ಗೋಡೆಯೊಳಗಿನ ತೆರೆದ ಬೆಂಕಿಗೂಡಿನಿಂದ ಬಿಸಿಯ ಬಹುಪಾಲು ಹೊಗೆಕೊಳವೆಯ ಮೂಲಕ ಆಕಾಶಕ್ಕೆ ಹೋಗುತ್ತಿತ್ತು. ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1796ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಬೆಂಕಿಗೂಡಿನ ಆಳವನ್ನು ತಗ್ಗಿಸಿ ಹೊಗೆಯ ದಾರಿಯನ್ನು ಕಿರಿದುಗೊಳಿಸಬೇಕೆಂದು ತೋರಿಸಿಕೊಟ್ಟನು. ಮುಂದೆ ಬೆಂಕಿಯ ಬೆನ್ನಿಗೇ ಒಂದು ನೀರಿನ ಪೆಟ್ಟಿಗೆಯನ್ನು ಅಳವಡಿಸುವ ರೂಢಿ ಬಂದಿತು. ಕಾದ ನೀರು ಹಗುರವಾಗಿ ತಾನಾಗಿಯೇ ಕೊಳವೆಯಲ್ಲಿ ಮೇಲೇರಿ ಮಹಡಿಯ ತೊಟ್ಟಿಯನ್ನು ಸೇರುತ್ತಿತ್ತು. ತಣ್ಣೀರು ಕೆಳಗಿಳಿದು ಅದರ ಸ್ಥಳಕ್ಕೆ ಬರುತ್ತಿತ್ತು. ಒಂದೇ ಬೆಂಕಿಯಿಂದ ಕೋಣೆಗೆ ಬಿಸಿ, ಸ್ನಾನಕ್ಕೆ ನೀರು. ನಮ್ಮ ಕೋಡೊಲೆಗೂ ಅವರ ಪೆಟ್ಟಿಗೆಗೂ ನಡುವೆ ಸಾವಿರಾರು ಮೈಲಿಗಳಿದ್ದರೂ ವಿಚಾರ ಒಂದೇ.

ಆದರೆ ವಾಚಕರೇ, ಇಷ್ಟಕ್ಕೇ ನಿಲ್ಲಿಸಿದರೆ ನಾವು ಹೇಳಿದ್ದು ಅರ್ಧ ಸತ್ಯವಾದೀತು. ಹಂಡೆಯ ನೀರಿನ ಸುಖವನ್ನು ಹೊಗಳುವವರು ಬಹುಮಟ್ಟಿಗೆ ಮಿಂದವರು, ಒಲೆ ಊದಿದವರಲ್ಲ.

ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. 15 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು, ಉರಿಯ ಬಿಸಿಯೆಲ್ಲವೂ ನೀರಿಗೇ ಸೇರುವುದಾದರೆ, ಸುಮಾರು 80 ಗ್ರಾಂ ಒಣಸೌದೆ ಸಾಕು. ಹಳೆಯ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಬಿಸಿ ಮಾತ್ರ ಪಾತ್ರೆಗೆ ತಲುಪುವುದರಿಂದ 800 ಗ್ರಾಂ ಬೇಕಾಗುತ್ತದೆ. ಐವರ ಸ್ನಾನಕ್ಕೆ ದಿನಕ್ಕೆ 4 ಕಿಲೋ! ಕಾಡು ವಿರಳವಾದ ಈ ಬರಗಾಲದ ಸೀಮೆಯಲ್ಲಿ ಅಷ್ಟನ್ನು ಎಲ್ಲಿಂದ ತರಬೇಕು? ರೇಷ್ಮೆ ಬೆಳೆಯುವವರ ಮನೆಗೆ ಹಿಪ್ಪುನೇರಳೆಯ ಕಡ್ಡಿ ನೆರವಾಯಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹೊಲಹೊಲಕ್ಕೆ ನೀಲಗಿರಿ ಬಂದಿತು. ಅದರ ಕಾಂಡ ಮಾರಾಟಕ್ಕೆ ಹೋಯಿತು, ಎಲೆ ಮತ್ತು ರೆಂಬೆ ಒಲೆಗೆ ಬಂದವು. ಉಳಿದದ್ದನ್ನು ಜಾಲಿಯ ಮುಳ್ಳಿನ ನಡುವಿನಿಂದ ಆರಿಸಿ, ತಲೆಯ ಮೇಲೆ ಹೊತ್ತು ತಂದವರು ನಮ್ಮ ತಾಯಂದಿರು ಮತ್ತು ಅಕ್ಕತಂಗಿಯರು. ಅವರೇ ನಸುಕಿನಲ್ಲಿ ಎದ್ದು, ಕಣ್ಣಲ್ಲಿ ನೀರು ಸುರಿಸುತ್ತ ಊದುಗೊಳವೆ ಹಿಡಿದರು. ಎಲ್ಲರೂ ಮಿಂದ ಮೇಲೆ ಉಳಿದ ಉಗುರುಬೆಚ್ಚನೆಯ ನೀರು ಅವರ ಪಾಲಿಗೆ ಬಂದಿತು.

ಈ ಕಷ್ಟವನ್ನು ವಿಜ್ಞಾನದ ಪ್ರಶ್ನೆಯೆಂದು ಗೌರವದಿಂದ ಎತ್ತಿಕೊಂಡವರು ನಮ್ಮ ರಾಜ್ಯದಲ್ಲಿಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಅವರು ನಡೆಸಿದ ಸಮೀಕ್ಷೆ, ಹಳ್ಳಿಯು ಬಳಸುವ ಶಕ್ತಿಯ ಬಹುಪಾಲು ಸೌದೆಯದೆಂದೂ ದುಡಿಮೆಯಲ್ಲಿ ಹೆಂಗಸರ ಪಾಲೇ ಹೆಚ್ಚೆಂದೂ ತೋರಿಸಿತು. 1980ರ ದಶಕದ ಆರಂಭದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಸ್ತ್ರ ಒಲೆಯನ್ನು ರೂಪಿಸಿದರು. ಮುಚ್ಚಿದ ಉರಿಗೂಡು, ಗಾಳಿಯಾಡಲು ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಪ್ರಯೋಗಾಲಯದಲ್ಲಿ ಅದು ಬಿಸಿಯ ಶೇಕಡಾ 40ಕ್ಕೂ ಹೆಚ್ಚು ಪಾಲನ್ನು ಪಾತ್ರೆಗಳಿಗೆ ಮುಟ್ಟಿಸಿತು. ಅಂಥ ಒಲೆಯಲ್ಲಿ ಮೇಲೆ ಹೇಳಿದ 4 ಕಿಲೋ ಸೌದೆಯ ಕೆಲಸ 1 ಕಿಲೋದಲ್ಲಿ ಮುಗಿದೀತು. ಕೋಡೊಲೆಯ ಅಜ್ಜಿಯರ ಅನುಭವಕ್ಕೆ ವಿಜ್ಞಾನ ಕೈಗೂಡಿಸಿದಂತಾಯಿತು. ಆದರೆ ಅಳತೆ ತಪ್ಪಿ ಕಟ್ಟಿದ ಕಡೆ, ಕೊಳವೆಯ ಮಸಿ ತೆಗೆಯದ ಕಡೆ, ಸೌದೆಯನ್ನು ಸಣ್ಣದಾಗಿ ಸೀಳಿಕೊಡುವವರಿಲ್ಲದ ಕಡೆ ಅಂಥ ಒಲೆಗಳು ಮೂಲೆ ಸೇರಿದವು. ಒಲೆ ಸುಧಾರಿಸಿದರೆ ಸಾಲದು, ಮನೆಯವರೂ ಕೈಜೋಡಿಸಬೇಕು ಎಂಬುದು ಅದರಿಂದ ತಿಳಿಯುವ ಪಾಠ.

ಇದೆಲ್ಲ ಕಳೆದುಹೋದ ಕಾಲದ ಮಾತೆಂದು ತಿಳಿಯಬಾರದು. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಅನೇಕ ಬಡಕುಟುಂಬಗಳ ಅಡುಗೆಮನೆಗೆ ಅನಿಲದ ಸಿಲಿಂಡರ್ ಬಂದಿದೆ. ಆದರೆ ಸಿಲಿಂಡರ್ ಬಂದ ಎಷ್ಟೋ ಮನೆಗಳ ಹಿತ್ತಲಿಗೆ ಹೋಗಿ ನೋಡಿರಿ: ಸ್ನಾನದ ನೀರು ಇನ್ನೂ ಸೌದೆಯಲ್ಲೇ ಕಾಯುತ್ತಿದೆ. ಅನ್ನಕ್ಕೆ ಅನಿಲ ಖರ್ಚುಮಾಡಿದವರು ನೀರಿಗೆ ಖರ್ಚುಮಾಡಲು ಹಿಂಜರಿಯುತ್ತಾರೆ. ಅಡುಗೆಮನೆಯಿಂದ ಹೊರಟ ಹೊಗೆ ಬಚ್ಚಲಿನಲ್ಲಿ ಕುಳಿತಿದೆ.

ಆದುದರಿಂದ ತಮ್ಮಲ್ಲಿ ಒಂದು ಅರಿಕೆ. ಮನೆಯಲ್ಲಿ ಹಂಡೆ ಇದ್ದರೆ ಅದನ್ನು ಪ್ರೀತಿಯಿಂದಲೇ ಕಾಪಾಡಿರಿ. ಆದರೆ ಒಲೆಗೆ ಹೊಗೆಕೊಳವೆ ಇದೆಯೇ, ಸೌದೆ ಚೆನ್ನಾಗಿ ಒಣಗಿದೆಯೇ, ಹಂಡೆಗೆ ಮುಚ್ಚಳವಿದೆಯೇ ಎಂದು ಗಂಡಸರೂ ನೋಡಿರಿ. ಸೌದೆಯನ್ನು ಸೀಳಿಕೊಡಿರಿ, ವಾರದಲ್ಲಿ ಕೆಲವು ದಿನವಾದರೂ ನಸುಕಿನಲ್ಲಿ ಎದ್ದು ಒಲೆ ಹಚ್ಚಿರಿ. ಸೂರ್ಯನ ಬಿಸಿಲಿನಲ್ಲಿ ನೀರು ಕಾಯಿಸುವ ಶಕ್ತಿ ಇರುವವರು ಅದನ್ನು ಆಡಂಬರವೆಂದು ಬಗೆಯದೆ ಮನೆಯ ತಾಯಿಗೆ ಸಲ್ಲಿಸುವ ಋಣವೆಂದು ತಿಳಿಯಿರಿ.

ಅರಸನ ದಾನವನ್ನು ತಾಮ್ರದಲ್ಲಿ ಕೊರೆದರು. ಅದು ವಕ್ಕಲೇರಿಯಲ್ಲಿ ಸಿಕ್ಕಿ ನಮ್ಮ ಕಾಲದವರೆಗೂ ಉಳಿಯಿತು. ದಿನದಿನವೂ ಬಿಸಿನೀರು ದಾನಮಾಡಿದವರ ಹೆಸರನ್ನು ಯಾರೂ ಯಾವ ತಾಮ್ರದಲ್ಲಿಯೂ ಕೊರೆಯಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಚೊಂಬು ನೀರನ್ನು ಮೈಮೇಲೆ ಸುರಿದುಕೊಳ್ಳುವಾಗ ಅವರನ್ನು ನೆನೆಯಿರಿ.