ಬಾಯಿಪಾಠದ ಬೆಲೆ: ಹಳೆಯ ಬಳ್ಳಾರಿ ಜಿಲ್ಲೆಯ ಶಾಲೆಗಳು

ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಆದವಾನಿ, ಆಲೂರು, ರಾಯದುರ್ಗಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. ಆ ಜಿಲ್ಲೆಯ ಹಳೆಯ ಶಾಲೆಗಳ ವಿವರವೊಂದು ನಮಗೆ ಉಳಿದುಬಂದಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಸಾಹೇಬರು 1822ರಲ್ಲಿ ವರದಿ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಸಾಹೇಬರು 1823ರ ಆಗಸ್ಟಿನಲ್ಲಿ ಉತ್ತರ ಬರೆದರು. ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡ ಕಲಿಸುವ ಶಾಲೆಗಳು 235, ತೆಲುಗು ಕಲಿಸುವವು 226.

ಅಂಕಿಗಳಿಗಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಸೆಳೆಯುವುದು ಅಲ್ಲಿನ ಕಲಿಕೆಯ ಕ್ರಮ. ಮಕ್ಕಳು ಅಕ್ಷರಗಳನ್ನು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಹಾಗೆ ಹೇಳಿಕೊಡುವಾಗ ಅವರ ಸ್ವಂತ ಪಾಠವೂ ಗಟ್ಟಿಯಾಗುತ್ತಿತ್ತು. ಈ ಪದ್ಧತಿಯನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೆಂದು ಸಾಹೇಬರೇ ಒಪ್ಪಿದ್ದಾರೆ.

ಅವರ ಆಕ್ಷೇಪಣೆಯೂ ಅಷ್ಟೇ ತೀಕ್ಷ್ಣವಾದುದು. ಹುಡುಗರು ಎಷ್ಟೋ ಪದ್ಯಗಳನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ. ಪುಸ್ತಕಗಳ ಪದ್ಯಭಾಷೆ ಮನೆಯ ಮಾತಿಗೂ ವ್ಯವಹಾರದ ಮಾತಿಗೂ ದೂರವಾಗಿದ್ದುದೇ ಇದಕ್ಕೆ ಕಾರಣವೆಂದು ಅವರು ಬರೆದರು. ಲಿಪಿ ಒಂದೇ ಆದುದರಿಂದ ಓದಲು ಬರುತ್ತಿತ್ತು, ತಿಳಿಯಲು ಬರುತ್ತಿರಲಿಲ್ಲ.

ಈ ಕೊರತೆಯ ಬೆಲೆ ಎಷ್ಟೆಂಬುದು ಮುಂದೆ ಪ್ರಯೋಗದಿಂದ ತಿಳಿದುಬಂದಿತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ನೆನಪಿನ ಶಕ್ತಿಯನ್ನು ತಮ್ಮ ಮೇಲೆಯೇ ಪರೀಕ್ಷಿಸಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗಳ ಸಾಲನ್ನು ಕಲಿಯಲು ಬೇಕಾದ ಶ್ರಮದ ಸುಮಾರು ಹತ್ತರಲ್ಲೊಂದು ಪಾಲಿನಲ್ಲಿ ಅರ್ಥವುಳ್ಳ ಪದ್ಯ ಬಾಯಿಗೆ ಬರುತ್ತಿತ್ತು. ಒಂದೇ ದಿನ ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಕಲಿಯುವುದು ಮೇಲೆಂದೂ ಅವರು ಕಂಡರು.

ಗಡಿನಾಡಿನ ನಮ್ಮ ಎಷ್ಟೋ ಮಕ್ಕಳಿಗೆ ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು, ಪಠ್ಯದ ಕನ್ನಡ ಮೂರನೆಯದು. 1823ರ ಹುಡುಗನ ಕಷ್ಟವೇ ಇವರದೂ. ಆದುದರಿಂದ ಬಾಯಿಪಾಠವನ್ನು ಹಳೆಯದೆಂದು ಬಿಡುವುದೂ ಬೇಡ, ಅದೊಂದನ್ನೇ ನಂಬುವುದೂ ಬೇಡ. ಮೊದಲು ಮಗುವಿನ ಆಡುಮಾತಿನಲ್ಲಿ ಅರ್ಥ ಹೇಳೋಣ. ಬಳಿಕ ಕೈಯಿಂದ ಬರೆಯಿಸೋಣ. ಎರಡು ಮೂರು ದಿನ ಬಿಟ್ಟು ಪುಸ್ತಕ ಮುಚ್ಚಿಸಿ ಒಪ್ಪಿಸಿಕೊಳ್ಳೋಣ. ಕೊನೆಗೆ ಕಿರಿಯ ತರಗತಿಯ ಮಗುವಿಗೆ ಅದನ್ನೇ ಹೇಳಿಕೊಡಲು ಬಿಡೋಣ. ಬರೆಯುವುದು, ಒಪ್ಪಿಸುವುದು, ಹೇಳಿಕೊಡುವುದು—ಈ ಮೂರೂ ನಮ್ಮ ಹಿಂದಿನವರ ಶಾಲೆಯಲ್ಲಿಯೇ ಇದ್ದುವು. ಅವುಗಳಿಗೆ ಅರ್ಥವನ್ನು ಸೇರಿಸುವ ಹೊಣೆ ಉಪಾಧ್ಯಾಯರಾದ ನಮ್ಮದು.