ಅಲಿ ತಂದ ಹಕ್ಕಿಗೆ ವಾಲೇಸ್ ಹೆಸರು

ಡಾರ್ವಿನ್ ಜೊತೆಗೇ ವಿಕಾಸವಾದ ಮುಂದಿಟ್ಟ ಆಲ್ಫ್ರೆಡ್ ರಸೆಲ್ ವಾಲೇಸ್ ಹೆಸರು ನೀವು ಕೇಳಿರ್ತೀರಿ. ಅಲಿ ಹೆಸರು?

1855ರಲ್ಲಿ, ಬೋರ್ನಿಯೋದ ಸರವಾಕ್‌ನಲ್ಲಿ ವಾಲೇಸ್ ಹತ್ರ ಕೆಲಸಕ್ಕೆ ಸೇರಿದ ಮಲಯ ಹುಡುಗ ಅವನು. ಅಡುಗೆ ಮಾಡ್ತಿದ್ದ. ಆಮೇಲೆ ಹಕ್ಕಿ ಹೊಡೆಯೋದು, ಚರ್ಮ ಸುಲಿದು ಕೆಡದ ಹಾಗೆ ಇಡೋದು, ಎಲ್ಲಾ ಕಲಿತ. 1858ರಲ್ಲಿ ಇಂಡೋನೇಷ್ಯಾದ ಬಚಾನ್ ದ್ವೀಪದಲ್ಲಿ ಒಂದಿನ ಸೊಂಟದ ಬೆಲ್ಟಿಗೆ ಹಕ್ಕಿಗಳನ್ನ ನೇತುಹಾಕಿಕೊಂಡು ಬಂದ. ಅದರಲ್ಲೊಂದಕ್ಕೆ ಹಸಿರು ಎದೆ, ಎರಡೂ ಭುಜದಿಂದ ಉದ್ದನೆಯ ಬಿಳಿ ಗರಿಗಳು. ವಿಜ್ಞಾನಕ್ಕೆ ಹೊಸದು. ಲಂಡನ್‌ನಲ್ಲಿ ಅದಕ್ಕಿಟ್ಟ ಹೆಸರು ವಾಲೇಸ್‌ದು!

ವಾಲೇಸ್ ಮುಚ್ಚಿಡಲಿಲ್ಲ, ನಿಜ. ಹಕ್ಕಿ ತಂದವನು ಅಲಿ ಅಂತ 1869ರ ತನ್ನ ಪುಸ್ತಕದಲ್ಲೇ ಬರೆದ. ಆದರೆ ಎಂಟು ವರ್ಷದ ಆ ಸುತ್ತಾಟದ 1,25,660 ಮಾದರಿಗಳು ಇವತ್ತಿಗೂ 'ವಾಲೇಸ್ ಸಂಗ್ರಹ'. ಮ್ಯೂಸಿಯಂಗಳು ಹಳೇ ಚೀಟಿಗಳನ್ನ ಕಂಪ್ಯೂಟರಿಗೆ ಏರಿಸುವಾಗ, ಚೀಟಿಯಲ್ಲಿರೋ ಹೆಸರೇ 'ಸಂಗ್ರಹಿಸಿದವರು' ಅನ್ನೋ ಕಾಲಂಗೆ ಹೋಗುತ್ತೆ. ಈಗ ಬಯೋನಾಮಿಯಾ ಅನ್ನೋ ವೆಬ್‌ಸೈಟ್‌ನಲ್ಲಿ ಮಾದರಿಗಳನ್ನ ಸಂಗ್ರಹಿಸಿದವರಿಗೆ, ಗುರುತಿಸಿದವರಿಗೆ ಜೋಡಿಸಬಹುದು. ಚೀಟಿಯಲ್ಲೇ ಇಲ್ಲದವರಿಗೆ? ಡೈರಿ, ಪತ್ರ ಕೆದಕಲೇಬೇಕು.

1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಾಮಸ್ ಬಾರ್ಬರ್ ಟರ್ನಾಟೆ ದ್ವೀಪಕ್ಕೆ ಹೋಗಿದ್ದ. ಅಲ್ಲಿ ಒಬ್ಬ ಮುದುಕ ಎದುರು ಬಂದು ತನ್ನ ಪರಿಚಯ ಹೇಳಿಕೊಂಡ: ಅಲಿ ವಾಲೇಸ್ ಅಂತ.